ಉಣ್ಣೆಯಲ್ಲಿ ಕೆಂದಳಿಲು: ನೀಡಲ್ ಫೆಲ್ಟಿಂಗ್ ಕಲಿಯುವವರಿಗೆ ಮೊದಲಿಂದ ಕೊನೆವರೆಗೆ

ನೀಡಲ್ ಫೆಲ್ಟಿಂಗ್, ಅಂದರೆ ಉಣ್ಣೆಯನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ಆಕಾರ ಕೊಡುವ ಕೆಲಸ, ಕಲಿಯೋಣ ಅಂತ ಹೊರಟವರು ಸಾಮಾನ್ಯವಾಗಿ ಆನ್‌ಲೈನ್‌ನಲ್ಲಿ ಒಂದು ಕಿಟ್ ತರಿಸುತ್ತಾರೆ. ಅದರಲ್ಲಿ ಪೆಂಗ್ವಿನ್ನೋ ಹಿಮಕರಡಿಯೋ ಇರುತ್ತದೆ. ಫೋಟೊ ನೋಡಿಕೊಂಡು ಮಾಡುತ್ತಾರೆ. ಎಲ್ಲೋ ಏನೋ ತಪ್ಪಿದೆ ಅನಿಸುತ್ತದೆ, ಆದರೆ ಏನು ಅಂತ ಗೊತ್ತಾಗುವುದಿಲ್ಲ. ಗೊತ್ತಾಗುವುದಾದರೂ ಹೇಗೆ? ಪೆಂಗ್ವಿನ್ ಕೂತದ್ದನ್ನು, ತಿರುಗಿದ್ದನ್ನು, ಕತ್ತು ಬಗ್ಗಿಸಿದ್ದನ್ನು ನಾವು ನೋಡಿಯೇ ಇಲ್ಲ.

ಅದಕ್ಕೇ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯವರಿಗೆ ನಾನು ಹೇಳುವುದು ಇಷ್ಟೇ: ಕೆಂದಳಿಲು, ಅಂದರೆ ನಮ್ಮ ಕಾಡಿನ ಕೆಂಪು ಬೆನ್ನಿನ ದೊಡ್ಡ ಅಳಿಲು, ಮಾಡಿ. ಸೊಪ್ಪಿನಬೆಟ್ಟದ ಅಂಚಿನಲ್ಲಿ ಮನೆ ಇದ್ದವರು ಅದನ್ನು ಹಲಸಿನ ಮರದ ಮೇಲೆ ಎಷ್ಟೋ ಸಲ ನೋಡಿರುತ್ತೀರಿ. ಅದರ ಕೂಗು ಗೊತ್ತು, ಬಾಲ ಇಳಿಬಿಟ್ಟು ಕೂರುವ ಭಂಗಿ ಗೊತ್ತು. ನೋಡಿದ ಪ್ರಾಣಿಯಾದರೆ ಬೆನ್ನು ಎಲ್ಲಿ ಬಾಗಬೇಕು ಅಂತ ಕೈಗೇ ತಿಳಿಯುತ್ತದೆ. ಇನ್ನೂ ಒಂದು ಅನುಕೂಲ ಇದೆ. ಕೆಂದಳಿಲಿಗೆ ಬೇಕಾದ ಬಣ್ಣಗಳೆಲ್ಲ ನಮ್ಮ ಸುತ್ತಮುತ್ತಲೇ ಸಿಗುತ್ತವೆ. ಮುಂದೆ ಹೇಳುತ್ತೇನೆ.

ಸೂಜಿ ಚುಚ್ಚಿದಾಗ ಆಗುವುದೇನು

ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಎಳೆಗಳು ಒಂದಕ್ಕೊಂದು ಒತ್ತಿ ಸಿಕ್ಕಿಕೊಂಡರೆ ಈ ಹುರುಪೆಗಳು ಹಿಡಿದುಕೊಳ್ಳುತ್ತವೆ, ಬಿಡುವುದಿಲ್ಲ. ಕಾಶ್ಮೀರದ ನಮ್ದಾ ಹಾಸು ಮಾಡುವಾಗ ಈ ಕೆಲಸವನ್ನು ನೀರು, ಸಾಬೂನು ಮತ್ತು ಉಜ್ಜಾಟ ಮಾಡುತ್ತವೆ. ನಾವು ಅದನ್ನೇ ಒಣ ಉಣ್ಣೆಯಲ್ಲಿ ಸೂಜಿಯಿಂದ ಮಾಡುತ್ತೇವೆ.

ಫೆಲ್ಟಿಂಗ್ ಸೂಜಿ ಹೊಲಿಗೆ ಸೂಜಿಯ ಹಾಗಲ್ಲ. ಅದಕ್ಕೆ ದಾರ ಪೋಣಿಸುವ ಕಣ್ಣಿಲ್ಲ. ಹೆಚ್ಚಿನವು ಮೂರು ಮೂಲೆಯವು, ಅಂಚಿನುದ್ದಕ್ಕೂ ಸಣ್ಣ ಸಣ್ಣ ಕಚ್ಚುಗಳು. ಒಳಗೆ ಹೋಗುವಾಗ ಕಚ್ಚು ಎಳೆಗಳನ್ನು ಎಳೆದುಕೊಂಡು ಹೋಗುತ್ತದೆ, ಹೊರಗೆ ಬರುವಾಗ ಅಲ್ಲೇ ಬಿಟ್ಟು ಬರುತ್ತದೆ. ಅಷ್ಟೇ ಇದರ ಗುಟ್ಟು. ಈ ಸೂಜಿಗಳು ಮೊದಲು ಕಾರ್ಖಾನೆಯ ಯಂತ್ರಗಳಲ್ಲಿದ್ದವು, ಸಾವಿರಾರು ಸೂಜಿ ಒಟ್ಟಿಗೆ ಇಳಿದು ಫೆಲ್ಟ್ ಹಾಳೆ ಮಾಡುತ್ತಿದ್ದವು. 1980ರ ದಶಕದಲ್ಲಿ ಅಮೆರಿಕದ ಎಲಿನಾರ್ ಮತ್ತು ಡೇವಿಡ್ ಸ್ಟ್ಯಾನ್‌ವುಡ್ ದಂಪತಿ ಅದೇ ಸೂಜಿಯನ್ನು ಕೈಯಲ್ಲಿ ಹಿಡಿದು ಆಕಾರಗಳನ್ನು ಮಾಡತೊಡಗಿದರು. ಹಾಗಾಗಿ ಇದು ಬಹಳ ಹೊಸ ಕಲೆ.

ಚುಚ್ಚಿದ ಕಡೆ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ. ತಗ್ಗು ಬೇಕಾದಲ್ಲಿ ಜಾಸ್ತಿ ಚುಚ್ಚಬೇಕು, ಉಬ್ಬು ಬೇಕಾದಲ್ಲಿ ಉಣ್ಣೆ ಸೇರಿಸಬೇಕು. ಇಡೀ ಪ್ರಾಣಿ ಈ ಎರಡು ಕೆಲಸದಲ್ಲೇ ಆಗುತ್ತದೆ.

ಉಣ್ಣೆ: ಒಳಗಿನದು, ಹೊರಗಿನದು

ಎರಡು ಥರದ ಉಣ್ಣೆ ಬೇಕು. ಒಳಮೈಗೆ ಒರಟು ಉಣ್ಣೆ, ಮೇಲಿನ ತುಪ್ಪಳಕ್ಕೆ ನಯವಾದದ್ದು. ಹೊಸಬರು ಮೆರಿನೊ ತಳಿಯ ಕುರಿಯ ಉಣ್ಣೆ ಚೆನ್ನಾಗಿದೆ ಅಂತ ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ. ಮೆರಿನೊ ಎಳೆ ತೆಳು, ಉದ್ದ, ಜಾರುತ್ತದೆ. ಒಳಮೈಗೆ ಹಾಕಿದರೆ ಎಷ್ಟು ಚುಚ್ಚಿದರೂ ಬೇಗ ಗಟ್ಟಿಯಾಗುವುದಿಲ್ಲ. ಕೈ ನೋಯುತ್ತದೆ, ಉಣ್ಣೆ ಮೆತ್ತಗೇ ಇರುತ್ತದೆ. ಮೆರಿನೊ ಹೊರಗಿನ ಪದರಕ್ಕೆ ಮಾತ್ರ ಇರಲಿ.

ಒಳಗಿನದಕ್ಕೆ ನಮ್ಮ ದಖ್ಖನಿ ಕುರಿಯ ಉಣ್ಣೆಯೇ ಸಾಕು. ಚಳ್ಳಕೆರೆಯಂಥ ಊರುಗಳಲ್ಲಿ ಕಂಬಳಿ ನೇಯುವುದು ಇದರಿಂದಲೇ. ಒರಟು, ಚರ್ಮಕ್ಕೆ ಚುಚ್ಚುತ್ತದೆ. ಆದರೆ ಸೂಜಿಗೆ ಚೆನ್ನಾಗಿ ಸಿಗುತ್ತದೆ. ಕಪ್ಪು, ಕಂದು, ಬೂದು ಬಣ್ಣಗಳಲ್ಲಿ ಸಿಗುತ್ತದೆ, ಬಿಳಿ ಕಡಿಮೆ. ಘಟ್ಟದ ಮೇಲಿನವರಿಗೆ ಹಾವೇರಿ, ಹುಬ್ಬಳ್ಳಿ ದೂರವೇನಲ್ಲ. ಕುರಿ ಸಾಕುವವರ ಪರಿಚಯ ಇದ್ದರೆ ಉಣ್ಣೆ ಕತ್ತರಿಸಿದ ಹೊತ್ತಿಗೆ ಅರ್ಧ ಕಿಲೊ ಕೇಳಿ ಇಟ್ಟುಕೊಳ್ಳಿ. ಪರಿಚಯ ಇಲ್ಲದವರು ಆನ್‌ಲೈನ್‌ನಲ್ಲಿ ಕೋರ್ ವುಲ್ ಅಂತ ಹುಡುಕಿ ತರಿಸಬಹುದು. ಅಕ್ರಿಲಿಕ್ ದಾರ, ಹತ್ತಿ ಇವುಗಳಿಗೆ ಹುರುಪೆ ಇಲ್ಲ. ಅವು ಉಣ್ಣೆಯಷ್ಟು ಚೆನ್ನಾಗಿ ಹಿಡಿಯುವುದಿಲ್ಲ.

ಹಸಿ ಉಣ್ಣೆ ತಂದರೆ ತೊಳೆಯಲೇಬೇಕು. ಅದರಲ್ಲಿ ಕುರಿಯ ಮೈಜಿಡ್ಡು, ಮಣ್ಣು, ಮುಳ್ಳು ಎಲ್ಲ ಇರುತ್ತದೆ. ಉಗುರುಬೆಚ್ಚಗಿಂತ ಸ್ವಲ್ಪ ಬಿಸಿ ನೀರಿಗೆ ಅಂಟುವಾಳದ ನೊರೆ ಹಾಕಿ ಉಣ್ಣೆಯನ್ನು ಮೆಲ್ಲಗೆ ಮುಳುಗಿಸಿ ಅರ್ಧ ಗಂಟೆ ಬಿಡಿ. ಕಲಕಬಾರದು, ಹಿಂಡಬಾರದು, ಉಜ್ಜಲೇಬಾರದು. ಬಿಸಿ, ಸಾಬೂನು, ಉಜ್ಜಾಟ ಮೂರೂ ಸೇರಿದರೆ ಉಣ್ಣೆ ಪಾತ್ರೆಯಲ್ಲೇ ಮುದ್ದೆ ಕಟ್ಟುತ್ತದೆ. ಆಮೇಲೆ ಅದೇ ಬಿಸಿಯ ಸ್ವಚ್ಛ ನೀರಿನಲ್ಲಿ ಎರಡು ಮೂರು ಸಲ ಅದ್ದಿ ತೆಗೆಯಿರಿ. ವಾಷಿಂಗ್ ಸೋಡಾ ಬೇಡ, ಉಣ್ಣೆಗೆ ಕ್ಷಾರ ಆಗದು. ನೆರಳಲ್ಲಿ ಒಣಗಿಸಿ, ಕೈಯಲ್ಲಿ ಹಿಂಜಿ. ನಾಯಿಗೆ ಬಾಚುವ ತಂತಿ ಹಲ್ಲಿನ ಬ್ರಷ್ ಎರಡು ತಂದರೆ ಒಂದರ ಮೇಲೆ ಉಣ್ಣೆ ಇಟ್ಟು ಇನ್ನೊಂದರಿಂದ ಎಳೆದು ಚೆನ್ನಾಗಿ ಬಿಡಿಸಬಹುದು. ಬಣ್ಣಗಳನ್ನು ಬೆರೆಸುವುದಕ್ಕೂ ಇದೇ ಸಾಧನ.

ಈಗ ಬಣ್ಣದ ಮಾತು. ಕೆಂದಳಿಲಿನ ಬೆನ್ನಿನ ಕೆಂಪು ಅಂಗಡಿಯ ಕೆಂಪಲ್ಲ. ಕಂದು ಬೆರೆತ ಗಾಢ ಕೆಂಪು. ಅದಕ್ಕೆ ತೀರಾ ಹತ್ತಿರ ಬರುವುದು ಅಡಿಕೆ ಚೊಗರು. ಕೆಂಪಡಿಕೆ ಮಾಡುವವರ ಮನೆಯಲ್ಲಿ ಹಸಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ದಪ್ಪ ನೀರು ಅದು. ಸಾಗರದ ಹತ್ತಿರ ಹೆಗ್ಗೋಡಿನ ಚರಕ ಸಂಸ್ಥೆಯವರು ಹತ್ತಿ ಬಟ್ಟೆಗೆ ಅಡಿಕೆ ಬಣ್ಣ ಹಾಕುತ್ತಾರೆ. ಉಣ್ಣೆಗೆ ಹತ್ತಿಗಿಂತ ಸುಲಭವಾಗಿ ಹಿಡಿಯುತ್ತದೆ.

ತೊಳೆದ ಬಿಳಿ ಅಥವಾ ತಿಳಿ ಬಣ್ಣದ ಉಣ್ಣೆ 100 ಗ್ರಾಂ ತಗೊಳ್ಳಿ. 10 ರಿಂದ 12 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಉಣ್ಣೆ ಸಡಿಲವಾಗಿ ಮುಳುಗುವಷ್ಟು ನೀರು ಸೇರಿಸಿ. ಒದ್ದೆ ಮಾಡಿದ ಉಣ್ಣೆಯನ್ನು ಅದರಲ್ಲಿ ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಡಿ. ಆವಿ ಏಳಬೇಕು, ಕುದಿ ಬರಬಾರದು. ಪಾತ್ರೆಯಲ್ಲೇ ತಣಿಯಲಿ. ಇನ್ನೊಂದು ಪಾತ್ರೆಯಲ್ಲಿ ಒಂದು ಲೋಟ ಚೊಗರಿಗೆ ಎರಡು ಮೂರು ಲೀಟರ್ ನೀರು ಬೆರೆಸಿ, ಪಟಿಕ ಹಿಡಿದ ಉಣ್ಣೆಯನ್ನು ಹಾಕಿ, ಮತ್ತೆ ಸಣ್ಣ ಉರಿಯಲ್ಲಿ ಒಂದು ಗಂಟೆ. ಒಂದೊಂದು ಮನೆಯ ಚೊಗರು ಒಂದೊಂದು ದಪ್ಪ, ಹಾಗಾಗಿ ಮೊದಲು ಒಂದು ಚಿಟಿಕೆ ಉಣ್ಣೆ ಹಾಕಿ ನೋಡಿ. ಒದ್ದೆಯಲ್ಲಿ ಕಂಡ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಇಡೀ ರಾತ್ರಿ ಅದರಲ್ಲೇ ಬಿಟ್ಟರೆ ಇನ್ನೂ ಗಾಢ. ಈ ಪಾತ್ರೆಗಳನ್ನು ಮತ್ತೆ ಅಡುಗೆಗೆ ಬಳಸಬೇಡಿ. ಚೊಗರು ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ ಅಂತ ನಿಮಗೆ ಹೇಳಬೇಕಾಗಿಲ್ಲ.

ಕಪ್ಪು ಬೇಕಾ? ಕಂಬಳಿಯ ಕಪ್ಪು ಉಣ್ಣೆ ಇದ್ದೇ ಇದೆ. ಇನ್ನೂ ಬೇಕೆಂದರೆ ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಕೆಲವು ದಿನ ನೆನೆಸಿ, ಆ ನೀರನ್ನು ಚೊಗರಿಗೆ ಸ್ವಲ್ಪ ಸೇರಿಸಿ. ಚೊಗರಿನ ಒಗರಿಗೆ ಕಬ್ಬಿಣ ಸೇರಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ಕಬ್ಬಿಣ ಜಾಸ್ತಿಯಾದರೆ ಉಣ್ಣೆ ಬಿರುಸಾಗುತ್ತದೆ, ಆದ್ದರಿಂದ ಚಮಚದ ಲೆಕ್ಕದಲ್ಲಿ ಹಾಕಿ. ಹೊಟ್ಟೆಯ ಕೆನೆಬಣ್ಣಕ್ಕೆ ಬಣ್ಣ ಹಾಕದ ಬಿಳಿ ಉಣ್ಣೆಯೇ ಸರಿ. ಅರಿಸಿನ ಹಾಕುವ ಆಸೆ ಆಗುತ್ತದೆ. ಬೇಡ, ಬಿಸಿಲಿಗೆ ಬೇಗ ಮಾಸುತ್ತದೆ.

ಬೇಕಾದ ಸಾಮಾನು

ಸೂಜಿ ಮೂರು ಅಳತೆಯವು ಸಾಕು: 36, 38, 40. ನಂಬರ್ ಹೆಚ್ಚಾದಂತೆ ಸೂಜಿ ತೆಳು. 36 ಆಕಾರ ಕಟ್ಟುವುದಕ್ಕೆ, 38 ಎಲ್ಲದಕ್ಕೂ, 40 ಕೊನೆಯ ನಯಕ್ಕೆ. ಒಂದೊಂದರಲ್ಲಿ ನಾಲ್ಕೈದು ತರಿಸಿ, ಮುರಿಯುತ್ತವೆ.

ಕೆಳಗೆ ಇಡುವುದಕ್ಕೆ ದಪ್ಪ ಫೋಮ್ ಅಂತಾರೆ. ಫೋಮ್ ಬೇಗ ಪುಡಿಯಾಗಿ ಉಣ್ಣೆಗೆ ಅಂಟುತ್ತದೆ. ನನಗೆ ಅಕ್ಕಿ ಚೀಲವೇ ಇಷ್ಟ. ಗೋಣಿತಾಟಿನ ತುಂಡನ್ನು ಒಂದಡಿ ಅಳತೆಗೆ ಹೊಲಿದು ಹಳೇ ಅಕ್ಕಿ ತುಂಬಿ ಬಾಯಿ ಹೊಲಿಯಿರಿ. ನಾಲ್ಕು ಬೆರಳು ದಪ್ಪ ಇರಲಿ. ಸೂಜಿ ಅಕ್ಕಿಯ ನಡುವೆ ಇಳಿದು ಹೋಗುತ್ತದೆ, ಮುರಿಯುವುದಿಲ್ಲ.

ಉಳಿದದ್ದು: ಸೂಜಿ ಹಿಡಿಯದ ಕೈಯ ಹೆಬ್ಬೆರಳು, ತೋರುಬೆರಳಿಗೆ ಚರ್ಮದ ಟೋಪಿ ಅಥವಾ ಬಟ್ಟೆಯ ಟೇಪ್, ಕಾಲು ಬಾಲಗಳಿಗೆ ತಾಮ್ರದ ತಂತಿ (ವೈರಿಂಗ್‌ನ ಒಂಟಿ ತಂತಿಯ ಪ್ಲಾಸ್ಟಿಕ್ ಸುಲಿದರೆ ಆಯಿತು, ಕಟ್ಟಡದ ಬೈಂಡಿಂಗ್ ವೈರ್ ತುಕ್ಕು ಹಿಡಿಯುತ್ತದೆ), ಕಣ್ಣಿಗೆ ಎರಡು ಕರಿಮಣಿ, ಮೀಸೆಗೆ ಟಂಗೂಸ್ (ನೈಲಾನ್) ದಾರ, ಹರಿತ ಕತ್ತರಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ. ಕೂರಿಸುವುದಕ್ಕೆ ಗೇರು ಮರದ ಒಣ ಕೊಂಬೆ, ಹೆಬ್ಬೆರಳು ದಪ್ಪದ್ದು.

ಸೂಜಿ ಬಹಳ ಹರಿತ, ಕಚ್ಚು ಬೇರೆ ಇದೆ. ಸಣ್ಣ ಮಕ್ಕಳ ಕೈಗೆ ಕೊಡಬೇಡಿ. ಟಿವಿ ನೋಡುತ್ತಾ ಚುಚ್ಚಬೇಡಿ. ಕಣ್ಣು ಸೂಜಿಯ ತುದಿಯ ಮೇಲೇ ಇರಲಿ.

ಮೊದಲು ಒಂದು ಉಂಡೆ

ನೇರವಾಗಿ ಅಳಿಲಿಗೆ ಹೋಗಬೇಡಿ. 4 ಸೆಂಟಿಮೀಟರ್ ಅಗಲದ ಒಂದು ಉಂಡೆ ಮಾಡಿ. 4 ರಿಂದ 5 ಗ್ರಾಂ ಒಳ ಉಣ್ಣೆ ಹಿಡಿಯುತ್ತದೆ. ತಕ್ಕಡಿಯಲ್ಲಿಟ್ಟಾಗ ಇಷ್ಟೊಂದಾ ಅನಿಸುತ್ತದೆ. ಉಣ್ಣೆ ಚುಚ್ಚಿದ ಮೇಲೆ ಮೂರನೇ ಒಂದು ಭಾಗ, ಕಾಲು ಭಾಗಕ್ಕೆ ಇಳಿಯುತ್ತದೆ.

ಉಣ್ಣೆಯನ್ನು ಉದ್ದ ಪಟ್ಟಿಯಾಗಿ ಎಳೆದು, ಒಂದು ತುದಿಯಿಂದ ಬಿಗಿಯಾಗಿ ಸುರುಳಿ ಸುತ್ತಿ. ಬದಿಗಳನ್ನು ಒಳಗೆ ಮಡಚುತ್ತಾ ಸುತ್ತಿ. ಈ ಬಿಗಿ ಸುತ್ತಿನಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಸಡಿಲ ಸುತ್ತಿದರೆ ನಡುವೆ ಗಾಳಿ ಉಳಿದು ಒಳಗೆ ಪೊಳ್ಳಾಗುತ್ತದೆ. ಚೀಲದ ಮೇಲಿಟ್ಟು 36ರ ಸೂಜಿಯಿಂದ ಆಳವಾಗಿ ಚುಚ್ಚಿ, ನಡುವಿನ ತನಕ. ಎರಡು ಮೂರು ಚುಚ್ಚಿಗೊಮ್ಮೆ ಉಂಡೆ ತಿರುಗಿಸಿ. ತಿರುಗಿಸದಿದ್ದರೆ ಒಂದು ಬದಿ ಚಪ್ಪಟೆಯಾಗಿ ಕೆಳಗಿನ ಗೋಣಿಗೆ ಅಂಟಿಕೊಳ್ಳುತ್ತದೆ.

ಸೂಜಿ ಹೋದ ದಾರಿಯಲ್ಲೇ ಹೊರಗೆ ಬರಬೇಕು. ಒಳಗಿದ್ದಾಗ ಕೈ ಓರೆ ಮಾಡಿದರೆ ಟಕ್ ಅಂತ ತುದಿ ಮುರಿದು ಒಳಗೇ ಉಳಿಯುತ್ತದೆ. ಬಲ ಬೇಡ, ಮಣಿಕಟ್ಟಿನಿಂದ ಹಗುರಾಗಿ, ಒಂದೇ ಲಯದಲ್ಲಿ ಚುಚ್ಚಿ. ಮೊದಲು ಸದ್ದೇ ಇರುವುದಿಲ್ಲ. ಗಟ್ಟಿಯಾಗುತ್ತಾ ಬಂದಂತೆ ಚರ್ ಚರ್ ಅಂತ ಸಣ್ಣ ಸದ್ದು ಶುರುವಾಗುತ್ತದೆ. ಆ ಸದ್ದು ಬಂದ ಮೇಲೆ 38ಕ್ಕೆ ಬದಲಾಯಿಸಿ, ಚುಚ್ಚಿನ ಆಳ ಕಡಿಮೆ ಮಾಡಿ.

ಯಾವಾಗ ನಿಲ್ಲಿಸಬೇಕು? ಹೆಬ್ಬೆರಳಿನಿಂದ ಒತ್ತಿ ನೋಡಿ. ನಾಳೆ ಹಣ್ಣಾಗುವ ಚಿಕ್ಕು ಎಷ್ಟು ಬಗ್ಗುತ್ತದೋ ಅಷ್ಟೇ ಬಗ್ಗಬೇಕು, ಬಿಟ್ಟ ತಕ್ಷಣ ಮೊದಲಿನಂತಾಗಬೇಕು. ಬೆರಳಿನ ಗುರುತು ಉಳಿದರೆ ಇನ್ನೂ ಚುಚ್ಚಬೇಕು. ಈ ಹದ ಕೈಗೆ ಸಿಗುವ ತನಕ ಉಂಡೆಗಳನ್ನೇ ಮಾಡಿ. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ. ಒಳಮೈ ಮೆತ್ತಗಿದ್ದರೆ ಮೇಲೆ ಎಷ್ಟು ಚಂದದ ಬಣ್ಣ ಹಾಕಿದರೂ ಕುತ್ತಿಗೆ ವಾಲುತ್ತದೆ, ಕಣ್ಣು ಒಳಗೆ ಹೂತುಹೋಗುತ್ತದೆ, ಕಾಲು ಅಲುಗಾಡುತ್ತದೆ. ಬಣ್ಣ ಹಾಕುವ ಅವಸರದಲ್ಲಿ ಎಷ್ಟೋ ಒಳ್ಳೆ ಪ್ರಾಣಿಗಳು ಕೆಟ್ಟಿವೆ.

ಕೆಂದಳಿಲು: ಮೈ ಮತ್ತು ತಲೆ

ಶುರು ಮಾಡುವ ಮೊದಲು ಒಂದು ದಿನ ಸುಮ್ನೆ ನೋಡಿ. ಬೆಳಿಗ್ಗೆ ಹೊತ್ತು ಹಣ್ಣಿರುವ ಮರದ ಕೆಳಗೆ ಕೂತರೆ ಸಿಗುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಣಶಿ, ಕುಂಬಾರವಾಡ ಕಡೆ ಹೋದರೆ ಇನ್ನೂ ಸುಲಭ. ಅದು ತಿನ್ನುವಾಗ ಹೇಗೆ ಕೂರುತ್ತದೆ ಗಮನಿಸಿ. ಹಿಂಗಾಲಿನಲ್ಲಿ ಕೊಂಬೆ ಹಿಡಿದು, ತಲೆ ಮತ್ತು ಎದೆಯನ್ನು ಕೊಂಬೆಯ ಒಂದು ಬದಿಗೆ ಬಗ್ಗಿಸಿ, ಬಾಲವನ್ನು ಇನ್ನೊಂದು ಬದಿಗೆ ಇಳಿಬಿಡುತ್ತದೆ. ಬಾಲದ ಭಾರವೇ ತಕ್ಕಡಿಯನ್ನು ಸರಿದೂಗಿಸುವುದು. ಮುಂಗಾಲು ಎರಡೂ ಹಣ್ಣು ಹಿಡಿಯುವುದಕ್ಕೆ. ನಾವು ಮಾಡುವುದು ಈ ಭಂಗಿ. ಕಾಡಿನಿಂದ ಕಾಡಿಗೆ ಇದರ ಬಣ್ಣ ಬದಲಾಗುತ್ತದೆ, ಬಾಲದ ತುದಿಯ ಬಣ್ಣವಂತೂ ಇನ್ನೂ ಜಾಸ್ತಿ. ಪುಸ್ತಕದ ಚಿತ್ರ ಬಿಡಿ, ನಿಮ್ಮ ಕಡೆಯದ್ದು ಹೇಗಿದೆಯೋ ಹಾಗೇ ಮಾಡಿ. ಫೋನಿನಲ್ಲಿ ಬದಿಯಿಂದ, ಎದುರಿನಿಂದ ಒಂದೊಂದು ಫೋಟೊ ಸಿಕ್ಕರೆ ಅದೇ ನಕ್ಷೆ.

ಮೈಗೆ 13 ಗ್ರಾಂ ಒಳ ಉಣ್ಣೆ. ಬಿಗಿಯಾಗಿ ಸುತ್ತಿ 9 ಸೆಂಟಿಮೀಟರ್ ಉದ್ದದ ಮೊಟ್ಟೆ ಆಕಾರ ಮಾಡಿ. ಹಿಂಬದಿ ನಾಲ್ಕೂವರೆ ಸೆಂಟಿಮೀಟರ್ ದಪ್ಪ, ಭುಜದ ಕಡೆ ಮೂರೂವರೆ. ಹೊಟ್ಟೆಯ ಬದಿಯಲ್ಲಿ ನಡುವೆ ಜಾಸ್ತಿ ಚುಚ್ಚುತ್ತಾ ಹೋದರೆ ಮೈ ತಾನಾಗಿ ಬಾಗಿ ಬೆನ್ನು ಗೂನಾಗುತ್ತದೆ. ಹದ ಬರುವ ತನಕ ಮುಂದೆ ಹೋಗಬೇಡಿ.

ತಲೆ 3 ಗ್ರಾಂ. ಮೂರೂವರೆ ಸೆಂಟಿಮೀಟರ್ ಉದ್ದ, ಮೂತಿಯ ಕಡೆ ಚೂಪು, ಆದರೆ ಇಲಿಯಷ್ಟು ಚೂಪಲ್ಲ. ಕುತ್ತಿಗೆಯ ಕಡೆ ಉಣ್ಣೆಯನ್ನು ಚುಚ್ಚದೆ ಕೆದರಿದ ಹಾಗೇ ಬಿಡಿ. ಜೋಡಿಸುವಾಗ ಆ ಎಳೆಗಳೇ ಬೇರಿನಂತೆ ಮೈಯೊಳಗೆ ಇಳಿಯುವುದು. ಭುಜದ ಮೇಲೆ ತಲೆ ಇಟ್ಟು, ಎಳೆಗಳನ್ನು ಸುತ್ತಲೂ ಹರಡಿ, 36ರಿಂದ ಓರೆಯಾಗಿ ಮೈಯೊಳಗೆ ಚುಚ್ಚಿ. ಆಮೇಲೆ ತೆಳ್ಳಗಿನ ಉಣ್ಣೆ ಪಟ್ಟಿಯನ್ನು ಕುತ್ತಿಗೆ ಸುತ್ತಿ ಇನ್ನೊಂದು ಸುತ್ತು ಚುಚ್ಚಿ. ತಲೆ ಹಿಡಿದು ಎತ್ತಿದರೆ ಮೈ ಜೊತೆಗೇ ಬರಬೇಕು. ಇಲ್ಲೇ ತಲೆಯನ್ನು ಸ್ವಲ್ಪ ಒಂದು ಬದಿಗೆ ತಿರುಗಿಸಿ ಕೂರಿಸಿ. ನೇರ ಮುಂದೆ ನೋಡುವ ಅಳಿಲು ಗೊಂಬೆಯಾಗುತ್ತದೆ.

ಕಾಲು ಮತ್ತು ಬಾಲದ ತಂತಿ

ಹಿಂಗಾಲಿಗೆ 10 ಸೆಂಟಿಮೀಟರ್ ತಂತಿ ಎರಡು, ಮುಂಗಾಲಿಗೆ 8ರದ್ದು ಎರಡು, ಬಾಲಕ್ಕೆ 20ರದ್ದು ಒಂದು. ಬರಿ ತಂತಿಯ ಮೇಲೆ ಉಣ್ಣೆ ಜಾರುತ್ತದೆ. ಮೊದಲು ಹತ್ತಿ ನೂಲನ್ನು ಒತ್ತಾಗಿ ಸುತ್ತಿ ಗಂಟು ಹಾಕಿ. ತುದಿಗಳನ್ನು ಮಡಚಿ ಬಿಡಿ, ಇಲ್ಲದಿದ್ದರೆ ಹೊರಗೆ ಚುಚ್ಚಿಕೊಂಡು ಬರುತ್ತವೆ. ಅದರ ಮೇಲೆ ಉಣ್ಣೆಯ ಸಣ್ಣ ಎಳೆಗಳನ್ನು ಬಿಗಿಯಾಗಿ ಸುತ್ತಿ, 38ರಿಂದ ಓರೆಯಾಗಿ ಚುಚ್ಚಿ. ನೆಟ್ಟಗೆ ಚುಚ್ಚಿದರೆ ತಂತಿಗೆ ತಾಗಿ ಸೂಜಿ ಹೋಯಿತು ಅಂತಲೇ.

ಪಾದದ ಕಡೆ ಎರಡೂವರೆ ಸೆಂಟಿಮೀಟರ್ ಬಿಟ್ಟು ಉಳಿದ ತಂತಿಯನ್ನು ಮೈಯೊಳಗೆ ತೂರಿಸಿ. ದಪ್ಪ ದಬ್ಬಣದಿಂದ ಮೊದಲು ತೂತು ಮಾಡಿಕೊಂಡರೆ ಸಲೀಸು. ಹಿಂಗಾಲು ಹೊರಟ ಜಾಗದಲ್ಲಿ ತೊಡೆ ಕಟ್ಟಬೇಕು. ಒಂದೂವರೆ ಗ್ರಾಂ ಉಣ್ಣೆಯನ್ನು ಚಪ್ಪಟೆ ಬಿಲ್ಲೆಯಾಗಿ ಮಾಡಿ ಮೈಯ ಬದಿಗೆ ಒತ್ತಿ ಅಂಚಿನಲ್ಲಿ ಚುಚ್ಚಿ. ಕೂತ ಅಳಿಲಿನ ತೊಡೆ ದೊಡ್ಡದು, ಮೈಯ ಅರ್ಧದಷ್ಟು ಕಾಣುತ್ತದೆ. ಹೊಸಬರು ತೊಡೆಯನ್ನು ಸಣ್ಣದು ಮಾಡುತ್ತಾರೆ, ಆಗ ಪ್ರಾಣಿ ನಿಂತಿದೆಯೋ ಕೂತಿದೆಯೋ ತಿಳಿಯುವುದಿಲ್ಲ. ಬಾಲದ ತಂತಿಯ 5 ಸೆಂಟಿಮೀಟರ್ ಮೈಯೊಳಗೆ ಹೋಗಲಿ, 15 ಹೊರಗಿರಲಿ. ಬಾಲ ಮೈಗಿಂತ ಉದ್ದ ಇರಬೇಕು.

ಈಗಲೇ ಕೊಂಬೆಯ ಮೇಲೆ ಕೂರಿಸಿ ನೋಡಿ. ಪಾದದ ತಂತಿಯನ್ನು ಕೊಂಬೆಗೆ ಬಳಸಿ ಹಿಡಿಸಿ. ಮುಂದೆ ವಾಲಿದರೆ ಬಾಲದ ಕಡೆ ಇನ್ನಷ್ಟು ಉಣ್ಣೆ ಬೇಕು ಅಂತ ಅರ್ಥ.

ತುಪ್ಪಳ

ಮೈಗೆ ಸುಮಾರು 6 ಗ್ರಾಂ, ಬಾಲಕ್ಕೆ 5 ಗ್ರಾಂ ಬಣ್ಣದ ಉಣ್ಣೆ ಸಾಕು. ಮೊದಲು ಹೊಟ್ಟೆ, ಎದೆ, ಗಂಟಲು, ಮುಂಗಾಲಿನ ಒಳಬದಿ: ಕೆನೆಬಣ್ಣ. ಆಮೇಲೆ ಬೆನ್ನಿಗೆ ಚೊಗರಿನ ಕೆಂಪು. ಕಿವಿಗಳ ನಡುವೆ ಒಂದು ತಿಳಿ ಮಚ್ಚೆ ಬಿಡಿ. ಉಣ್ಣೆಯನ್ನು ಆಚೆ ಬದಿ ಕಾಣುವಷ್ಟು ತೆಳ್ಳಗೆ ಎಳೆದು ಹಾಸಿ, ಮೂತಿಯಿಂದ ಬಾಲದ ಕಡೆಗೆ ಎಳೆಗಳು ಮಲಗುವ ಹಾಗೆ. ಒಂದು ದಪ್ಪ ಪದರಕ್ಕಿಂತ ಮೂರು ತೆಳು ಪದರ ಒಳ್ಳೆಯದು. 38ರಿಂದ ಹಿಡಿಸಿ, 40ರಿಂದ ಓರೆಯಾಗಿ, ಮೇಲೆ ಮೇಲೆ ಚುಚ್ಚಿದರೆ ತೂತುಗಳು ಮುಚ್ಚುತ್ತವೆ.

ಕೆಂಪು ಮತ್ತು ಕೆನೆ ಸೇರುವಲ್ಲಿ ಗೆರೆ ಎಳೆದ ಹಾಗೆ ಬಿಡಬೇಡಿ. ಎರಡೂ ಬಣ್ಣದ ಚಿಟಿಕೆ ಉಣ್ಣೆಯನ್ನು ಬ್ರಷ್‌ನಲ್ಲಿ ಬೆರೆಸಿ, ಆ ಮಧ್ಯದ ಬಣ್ಣವನ್ನು ಗಡಿಯ ಮೇಲೆ ಹಾಸಿ. ಬೆನ್ನಿನ ಕೆಂಪಿಗೂ ಅಲ್ಲಲ್ಲಿ ಕಂಬಳಿ ಕಪ್ಪಿನ ಎಳೆ ಬೆರೆಸಿ. ಬರೀ ಒಂದೇ ಬಣ್ಣದ ತುಪ್ಪಳ ಇರುವ ಪ್ರಾಣಿ ಕಡಿಮೆ ಅಲ್ವಾ.

ಬಾಲದ ವಿಧಾನವೇ ಬೇರೆ. ಅಲ್ಲಿ ಕೂದಲು ಉದ್ದ ಕಾಣಬೇಕು. ಉಣ್ಣೆಯನ್ನು 5 ಸೆಂಟಿಮೀಟರ್ ಉದ್ದದ ತೆಳು ಕುಚ್ಚುಗಳಾಗಿ ಕತ್ತರಿಸಿ. ತುದಿಯಿಂದ ಶುರು ಮಾಡಿ ಬುಡಕ್ಕೆ ಬನ್ನಿ. ಕುಚ್ಚನ್ನು ಬಾಲದ ಉದ್ದಕ್ಕೆ ಮಲಗಿಸಿ, ಕುಚ್ಚಿನ ನಡುವೆ ಮಾತ್ರ ಅಡ್ಡಗೆರೆಯಲ್ಲಿ ಚುಚ್ಚಿ. ಆಮೇಲೆ ಬುಡದ ಕಡೆಯ ಅರ್ಧವನ್ನು ತುದಿಯ ಕಡೆಗೆ ಮಡಚಿ, ಮಡಚಿದ ಜಾಗದಲ್ಲಿ ಮತ್ತೆ ಚುಚ್ಚಿ. ಅರ್ಧ ಸೆಂಟಿಮೀಟರ್ ಬಿಟ್ಟು ಮುಂದಿನ ಸಾಲು, ಹೀಗೆ ಸುತ್ತಲೂ. ಇದು ನಿಧಾನದ ಕೆಲಸ, ಒಂದು ಸಂಜೆ ಪೂರ್ತಿ ಹೋಗುತ್ತದೆ. ಮುಗಿದ ಮೇಲೆ ಬೆರಳಿನಿಂದ ಮೆಲ್ಲಗೆ ಎಳೆದು ನೋಡಿ, ಕಿತ್ತು ಬಂದ ಕಡೆ ಇನ್ನಷ್ಟು ಚುಚ್ಚಿ. ಬಾಚಿ, ಕತ್ತರಿಯ ತುದಿಯಿಂದ ಅಂಚು ಏರುಪೇರಾಗಿ ಕತ್ತರಿಸಿ. ಒಂದೇ ಮಟ್ಟಕ್ಕೆ ಕತ್ತರಿಸಿದರೆ ಬ್ರಷ್ ಆಗಿಬಿಡುತ್ತದೆ.

ಮುಖ

ಕಣ್ಣಿನ ಜಾಗ ಮೂತಿಯ ತುದಿಗೂ ಕಿವಿಗೂ ನಡುವೆ, ಬದಿಯಲ್ಲಿ. ಎರಡು ಗುಂಡುಸೂಜಿ ಚುಚ್ಚಿ ಎದುರಿನಿಂದ, ಮೇಲಿನಿಂದ ನೋಡಿ ಸರಿಮಾಡಿ. ನಿಶ್ಚಯ ಆದ ಮೇಲೆ ಅದೇ ಬಿಂದುವಿಗೆ 38ರಿಂದ ಮತ್ತೆ ಮತ್ತೆ ಚುಚ್ಚಿ ಕರಿಮಣಿ ಅರ್ಧ ಕೂರುವಷ್ಟು ಗುಳಿ ಮಾಡಿ. ಗುಳಿ ಇಲ್ಲದೆ ಮಣಿ ಹೊಲಿದರೆ ಕಣ್ಣು ಹೊರಗೆ ಉಬ್ಬಿ ಹೆದರಿದ ಹಾಗೆ ಕಾಣುತ್ತದೆ. ಗಟ್ಟಿ ಕಪ್ಪು ದಾರದಲ್ಲಿ ಮಣಿ ಪೋಣಿಸಿ, ಉದ್ದ ಸೂಜಿಯಿಂದ ಗುಳಿಯೊಳಗೆ ತೂರಿಸಿ ಕತ್ತಿನ ಹಿಂದೆ ಹೊರತೆಗೆಯಿರಿ. ಎರಡೂ ಕಣ್ಣಿನ ದಾರಗಳನ್ನು ಎಳೆದು ಒಟ್ಟಿಗೆ ಗಂಟು ಹಾಕಿ, ಗಂಟಿನ ಮೇಲೆ ಚಿಟಿಕೆ ಉಣ್ಣೆ ಮುಚ್ಚಿ.

ಮುಂದಿನ ಕೆಲಸ ಸಣ್ಣದು, ಆದರೆ ಜೀವ ಬರುವುದು ಇದರಲ್ಲೇ. ಹತ್ತಿಪ್ಪತ್ತು ಎಳೆಯಷ್ಟು ಉಣ್ಣೆಯನ್ನು ಎರಡು ಬೆರಳ ನಡುವೆ ಹೊಸೆದು ದಾರದಂತೆ ಮಾಡಿ. ಮಣಿಯ ಮೇಲಂಚಿಗೆ ಬಾಗಿಸಿ ಇಟ್ಟು, 40ರಿಂದ ಮಣಿಗೆ ತಾಗದ ಹಾಗೆ ಚುಚ್ಚಿ. ಇದು ರೆಪ್ಪೆ. ಮಣಿಯ ಮೇಲಿನ ಕಾಲು ಭಾಗ ಮುಚ್ಚಿದರೆ ಅಳಿಲು ನಿಶ್ಚಿಂತೆಯಿಂದ ಕೂತಂತೆ, ಮುಚ್ಚದಿದ್ದರೆ ಬೆಚ್ಚಿದಂತೆ. ರೆಪ್ಪೆಯ ಹೊರ ತುದಿಯನ್ನು ಒಂದು ಎಳೆಯಷ್ಟು ಕೆಳಗೆ ಇಳಿಸಿ ನೋಡಿ, ಮುಖದ ಭಾವವೇ ಬದಲಾಗುತ್ತದೆ. ಕೆಳಗಿನ ರೆಪ್ಪೆಗೆ ಕೆನೆಬಣ್ಣದ ಇನ್ನೂ ಸಣ್ಣ ಎಳೆ.

ಕೆಂದಳಿಲಿನ ಕಿವಿ ಸಣ್ಣದು, ದುಂಡಗೆ. ಚೀಲದ ಮೇಲೆ ಉಣ್ಣೆ ಚಪ್ಪಟೆ ಇಟ್ಟು ಎರಡೂ ಬದಿಯಿಂದ ಚುಚ್ಚಿ, ಬುಡದ ಎಳೆಗಳನ್ನು ಸಡಿಲ ಬಿಡಿ. ಎರಡೂ ಕಿವಿಗೆ ಉಣ್ಣೆಯನ್ನು ಮೊದಲೇ ಸಮನಾಗಿ ಪಾಲು ಮಾಡಿಟ್ಟುಕೊಳ್ಳಿ. ಸ್ವಲ್ಪ ಬಾಗಿಸಿ ತಲೆಗೆ ಹಿಡಿಸಿ. ಮೂಗಿಗೆ ತಿಳಿ ಗುಲಾಬಿ ಬೆರೆತ ಕಂದು, ಸಾಸಿವೆ ಕಾಳಿನಷ್ಟು. ಬಾಯಿಗೆ 40ರಿಂದ ಗೆರೆಯುದ್ದಕ್ಕೂ ಚುಚ್ಚಿದರೆ ಸಾಕು, ನೆರಳೇ ಬಾಯಿ ಆಗುತ್ತದೆ. ಮೀಸೆಯ ಟಂಗೂಸ್ ದಾರವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ತೂರಿಸಿ, ಒಳಗೆ ಒಂದು ಹನಿ ಅಂಟು ಹಾಕಿ ಕತ್ತರಿಸಿ.

ಮುಂಗಾಲಿನ ಬೆರಳುಗಳನ್ನು ಒಂದೊಂದಾಗಿ ಮಾಡುವ ಸಾಹಸ ಮೊದಲ ಸಲ ಬೇಡ. ಪಾದವನ್ನು ಚಪ್ಪಟೆ ಮಾಡಿ ಮೂರು ಗೆರೆ ಚುಚ್ಚಿದರೆ ಬೆರಳು ಕಾಣುತ್ತವೆ. ನಡುವೆ ಹಿಡಿಸಲು ಉಣ್ಣೆಯದ್ದೇ ಒಂದು ಸಣ್ಣ ಹಣ್ಣು ಮಾಡಿ ಕೊಡಿ.

ಹೊಸಬರಿಗೆ ಇಷ್ಟೆಲ್ಲ ಮುಗಿಯಲು 12 ರಿಂದ 15 ಗಂಟೆ ಹಿಡಿಯುತ್ತದೆ. ಮಣಿಕಟ್ಟು ನೋಯುತ್ತದೆ, ಆದ್ದರಿಂದ ಅರ್ಧ ಗಂಟೆಗೊಮ್ಮೆ ಎದ್ದು ಕೈ ಬಿಡಿಸಿ.

ಕೆಟ್ಟರೆ ಸರಿಮಾಡುವುದು

ಒಂದು ಕಡೆ ತಗ್ಗಾಯಿತೇ? ಉಣ್ಣೆ ಸೇರಿಸಿ. ಉಬ್ಬಾಯಿತೇ? ಅಲ್ಲೇ ಇನ್ನೂ ಚುಚ್ಚಿ. ಕಾಲು ತಪ್ಪಾದ ಜಾಗದಲ್ಲಿ ಕೂತರೆ ಎಳೆದು ತೆಗೆದು ಮತ್ತೆ ಕೂರಿಸಬಹುದು. ಈ ಕೆಲಸದಲ್ಲಿ ಕತ್ತರಿಸಿ ತೆಗೆದದ್ದೂ ಮತ್ತೆ ಸೇರುತ್ತದೆ. ಸೂಜಿಯ ತುದಿ ಒಳಗೆ ಮುರಿದರೆ ಮಾತ್ರ ಹುಡುಕಿ ತೆಗೆಯಿರಿ, ಅಯಸ್ಕಾಂತ ಹಿಡಿದರೆ ಜಾಗ ಗೊತ್ತಾಗುತ್ತದೆ. ತೆಗೆಯಲು ಆಗದಿದ್ದರೆ ಆ ಪ್ರಾಣಿಯನ್ನು ಮಕ್ಕಳ ಕೈಗೆ ಕೊಡಬೇಡಿ.

ಮಳೆಗಾಲ ಮತ್ತು ಕಡಲ ಗಾಳಿ

ಪರದೇಶದ ವಿಡಿಯೊಗಳಲ್ಲಿ ಹೇಳದ ವಿಷಯ ಇದು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಶಿರಸಿಯಲ್ಲಿ ಕಪಾಟಿನೊಳಗಿನ ಉಣ್ಣೆ ನೋಡಲು ಒಣಗಿದ್ದರೂ ಒಳಗೆ ತೇವ ಇರುತ್ತದೆ, ಬೂಸು ಹಿಡಿಯುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಿಗಿಯಾಗಿ ಮುಚ್ಚಿಡಿ. ಬಿಸಿಲು ಬಂದ ದಿನ ಉಣ್ಣೆಯನ್ನೂ ಪೊಟ್ಟಣವನ್ನೂ ಒಣಗಿಸಿ. ಬಣ್ಣದ ಉಣ್ಣೆ ಮಾತ್ರ ನೆರಳಲ್ಲಿ.

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಸೂಜಿಯದ್ದೇ ಚಿಂತೆ. ಉಪ್ಪಿನ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕಿನ ಸೂಜಿ ಬಿಳಿ ಉಣ್ಣೆಯಲ್ಲಿ ಕಂದು ಚುಕ್ಕೆ ಬಿಡುತ್ತದೆ. ಎಣ್ಣೆ ಸವರಿದರೆ ಉಣ್ಣೆಗೆ ಕಲೆ. ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ಜೆಲ್ ಪೊಟ್ಟಣದ ಜೊತೆಗೆ ಇಡುವುದೇ ದಾರಿ. ಕೆಲಸ ಮುಗಿದ ಮೇಲೆ ಸೂಜಿಯನ್ನು ಅಕ್ಕಿ ಚೀಲದಲ್ಲಿ ಚುಚ್ಚಿಟ್ಟು ಏಳಬೇಡಿ.

ನುಸಿಯೂ ಇದೆ. ಅದರ ಹುಳು ಉಣ್ಣೆಯನ್ನೇ ತಿನ್ನುತ್ತದೆ. ಹೊಸದಾಗಿ ತಂದ ಉಣ್ಣೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟು ತೆಗೆದರೆ ಮೊಟ್ಟೆ, ಹುಳು ಸಾಯುತ್ತವೆ. ನುಸಿಗುಳಿಗೆ ಹಾಕುವುದಾದರೆ ಮಲಗುವ ಕೋಣೆಯಲ್ಲಿ ಬೇಡ, ಅದರ ವಾಸನೆ ಆರೋಗ್ಯಕ್ಕೆ ಒಳ್ಳೆಯದಲ್ಲ.

ಆಮೇಲೆ ಯಾವ ಪ್ರಾಣಿ

ಕೆಂದಳಿಲು ಬಂದರೆ ಸಿಂಗಳೀಕಕ್ಕೆ ಕೈ ಹಾಕಬಹುದು. ಮೈಗೆ ಕಂಬಳಿ ಕಪ್ಪು, ಮುಖದ ಸುತ್ತಲ ಕೇಸರಕ್ಕೆ ದಖ್ಖನಿ ಬೂದು, ಬಣ್ಣ ಹಾಕುವ ಕೆಲಸವೇ ಇಲ್ಲ. ಕೇಸರ ಹಾಕುವುದೂ ಅಳಿಲಿನ ಬಾಲದ ವಿಧಾನದಲ್ಲೇ. ಶಿರಸಿ–ಹೊನ್ನಾವರದ ನಡುವಿನ ಅಘನಾಶಿನಿ ಕಣಿವೆಯನ್ನು 2011ರಲ್ಲಿ ಸಿಂಗಳೀಕ ಸಂರಕ್ಷಿತ ಪ್ರದೇಶ ಮಾಡಿದ್ದರು, ನೋಡಿ ಬರಬಹುದು. ದಾಂಡೇಲಿಯ ಮಂಗಟ್ಟೆ ಹಕ್ಕಿಗೆ ಕೊಕ್ಕೇ ಕಷ್ಟ. ಅದು ಕಲ್ಲಿನಷ್ಟು ಗಟ್ಟಿ ಆಗಬೇಕು, ಇಲ್ಲದಿದ್ದರೆ ತುದಿ ಬಾಗುತ್ತದೆ. ಕರಾವಳಿಯವರಿಗೆ ಕಡಲಾಮೆ ಒಳ್ಳೆಯದು. ದೇವಬಾಗದ ಕಡೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲೆ ಆಮೆಗೆ ತಂತಿ ಬೇಡ, ಉದ್ದ ತುಪ್ಪಳ ಬೇಡ. ಚಿಪ್ಪಿನ ಪಟ್ಟಿಗಳ ನಡುವಿನ ಗೆರೆಯನ್ನು ಆಳವಾಗಿ ಚುಚ್ಚಿದರೆ ಮುಗಿಯಿತು. ಅಳಿಲಿಗೆ ಧೈರ್ಯ ಸಾಲದವರು ಆಮೆಯಿಂದಲೇ ಶುರು ಮಾಡಿದರೂ ಸರಿ.

ಮಾಡಿಟ್ಟ ಪ್ರಾಣಿಗೆ ಧೂಳು ಕೂತರೆ ಒಣ ಬ್ರಷ್‌ನಿಂದ ತುಪ್ಪಳದ ದಿಕ್ಕಿನಲ್ಲೇ ಒರೆಸಿ, ನೀರಿಗೆ ಹಾಕಬೇಡಿ. ಬಾಲ ಚಪ್ಪಟೆಯಾದರೆ ಕುದಿಯುವ ನೀರಿನ ಆವಿಗೆ ದೂರದಿಂದ ಒಂದು ನಿಮಿಷ ಹಿಡಿದು, ಬಾಚಿ, ಒಣಗಲು ಬಿಡಿ. ಮತ್ತೆ ಅರಳುತ್ತದೆ.